ಟೊಬೇಗೊದಲ್ಲಿ ಒಂದು ವಾರ

ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬಿಳಿಯ ದುಪ್ಪಟಿಯ ಮೇಲೆ ಗಿರಿಜಾದೇವಿ ನಗುತ್ತಿದ್ದಳು.

ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಮುದ್ರದಲ್ಲಿ ನಿಂತಿದ್ದಳು. ನೀರಿಗೆ ನವಿಲಿನ ಕತ್ತಿನ ಬಣ್ಣ. ಅವಳ ಹಿಂದೆ ಮೀನಿನ ದೋಣಿಯೊಂದು ಓರೆಯಾಗಿ ಮರಳಿಗೆ ಒರಗಿತ್ತು. ನಗು ತಡೆಯಲಾರದೆ ಅವಳು ಒಂದು ಕೈಯಿಂದ ಬಾಯಿ ಮುಚ್ಚಿಕೊಳ್ಳಲು ಹೋಗಿದ್ದಳು. ಕೈ ಬಾಯಿಗೆ ತಲುಪುವ ಮೊದಲೇ ಯಾರೋ ಕ್ಯಾಮೆರಾ ಒತ್ತಿದ್ದರು.

ಯಾರೋ ಅಂದರೆ ಗಂಡ. ಮರುಳಸಿದ್ದಪ್ಪ ಈಗ ಪ್ರೊಜೆಕ್ಟರ್ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ. ಕೈಯಲ್ಲಿ ಮುಂದಿನ ಸ್ಲೈಡು ಇತ್ತು, ಹಾಕುವ ಮನಸ್ಸಿರಲಿಲ್ಲ.

"ಮುಂದಿನದು ಹಾಕಿ," ಅಂದರು ಚನ್ನಬಸವಯ್ಯ.

ಐದು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಟೊಬೇಗೊ ಅನ್ನುವ ಕೆರಿಬಿಯನ್ ದ್ವೀಪಕ್ಕೆ ಗಂಡನ ಜೊತೆ ಒಂದು ವಾರದ ರಜೆಗೆ ಹೋದ ಗಿರಿಜಾದೇವಿ ಕಡಲಿನ ಪಾಲಾದಳು ಅಂತ ಬಂಧುಬಳಗವೆಲ್ಲ ನಂಬಿತ್ತು. ನಂಬಲಿಲ್ಲ ಅಂದವಳು ಅವಳ ಅಕ್ಕ ಸರ್ವಮಂಗಳಾ ಒಬ್ಬಳೇ.

ಆ ಸರ್ವಮಂಗಳಾ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ತಂಗಿಯನ್ನು ಸಿದ್ದಪ್ಪನೇ ನೀರಿಗೆ ತಳ್ಳಿದ್ದಾನೆ, ಸೋಮವಾರ ಪೊಲೀಸರಿಗೆ ಕೊಲೆಯ ದೂರು ಕೊಟ್ಟೇ ಕೊಡುತ್ತೇನೆ ಅಂತ ಅವಳು ಹಠ ಹಿಡಿದಿದ್ದಳು. ಅದಕ್ಕೆ ಮೊದಲು ಒಂದು ಸಲ ಆ ವಾರದ ಚಿತ್ರಗಳನ್ನು ನೋಡಿಬಿಡೋಣ ಅಂದವರು ಅವಳೇ ಕೇಸು ಒಪ್ಪಿಸಿದ್ದ ಚನ್ನಬಸವಯ್ಯ. ಸಿ.ಐ.ಡಿ.ಯಿಂದ ನಿವೃತ್ತರಾದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಕಾಫಿಪುಡಿ ಅಂಗಡಿಯ ಮಹಡಿಯ ಮೇಲೆ ಅವರ ಖಾಸಗಿ ಪತ್ತೇದಾರಿ ಕಚೇರಿ. ಪ್ರೊಜೆಕ್ಟರನ್ನು ಅವರೇ ಗಾಂಧಿ ಬಜಾರಿನ ಸ್ಟುಡಿಯೋ ಗೆಳೆಯರೊಬ್ಬರಿಂದ ಕೇಳಿ ತಂದಿದ್ದರು.

ಮಧ್ಯಾಹ್ನದ ಬೆಳಕು ಒಳಗೆ ಬಾರದಂತೆ ಕಿಟಕಿಗಳಿಗೆ ಜಮಖಾನ ಕಟ್ಟಿದ್ದರು. ಹೊರಗೆ ಬನಶಂಕರಿ ಎರಡನೇ ಹಂತದ ರಸ್ತೆಯಲ್ಲಿ ಹೂವಿನವಳ ಕೂಗು ದೂರವಾಗುತ್ತಿತ್ತು.

ಸಿದ್ದಪ್ಪ ಮುಂದಿನ ಸ್ಲೈಡು ಹಾಕಿದ. ಒಂದು ಮರದ ಬಾಗಿಲು. ಬಾಗಿಲು, ಅದರ ಹಿತ್ತಾಳೆ ಚಿಲಕ, ಬೇರೆ ಏನೂ ಇಲ್ಲ.

"ಬಾಗಿಲಿನ ಫೋಟೋ ಯಾಕೆ ತೆಗೆದ್ರಿ?"

ಸಿದ್ದಪ್ಪ ಯಾರ ಮುಖವನ್ನೂ ನೋಡದೆ, ನಿಧಾನವಾಗಿ ಹೇಳತೊಡಗಿದ.

ಮದುವೆಯಾದ ಎಂಟು ವರ್ಷ ಅವರು ಇದೇ ಮನೆಯಲ್ಲಿದ್ದರು. ಆಗ ತಂದೆ ಬದುಕಿದ್ದರು. ಇಬ್ಬರು ತಮ್ಮಂದಿರು, ಮದುವೆಯಾಗದ ತಂಗಿ, ಓದಲು ಬಂದ ಸೋದರಮಾವನ ಮಗ, ಎಲ್ಲರೂ ಎರಡು ಕೋಣೆ, ಒಂದು ನಡುಮನೆಯಲ್ಲಿ. ಗಂಡ ಹೆಂಡತಿಯ ಹಾಸಿಗೆ ನಡುಮನೆಯ ಮೂಲೆಯಲ್ಲಿ, ಹಳೆಯ ಸೀರೆಯ ಪರದೆಯ ಆಚೆ. ಈಚೆ ತಾಯಿ ಮಲಗುತ್ತಿದ್ದರು. ಗಿರಿಜೆ ಮಗ್ಗುಲು ಬದಲಿಸಿದರೆ ಬಳೆಯ ಸದ್ದಾಗಿ ತಾಯಿ ಕೆಮ್ಮುತ್ತಿದ್ದರು. ಹಾಗಾಗಿ ಮಲಗುವ ಮೊದಲು ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಕರ್ಚೀಫಿನಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು.

ಇಬ್ಬರೇ ಹೊರಗೆ ಹೋಗುವುದು ಅಂತ ಒಂದು ಇರಲಿಲ್ಲ. ಲಾಲ್‌ಬಾಗಿನ ಫ್ಲವರ್ ಶೋಗೆ ಮನೆಮಂದಿಯೆಲ್ಲ ಒಟ್ಟಿಗೆ. ಜಯನಗರದ ಕಾಂಪ್ಲೆಕ್ಸಿಗೆ ತಂಗಿಯ ಜೊತೆ. ಒಂದೇ ಒಂದು ಸಲ, ಪದ್ಮನಾಭನಗರದಲ್ಲಿ ಸೈಟು ನೋಡಿ ಬರುವ ನೆಪದಲ್ಲಿ, ಇಬ್ಬರೂ ರಾಗಿ ಹೊಲಗಳ ನಡುವೆ ಚಿಕ್ಕಲಸಂದ್ರದವರೆಗೂ ನಡೆದು ಹೋಗಿದ್ದರು. ಅಲ್ಲಿ ಮನೆಗಳಿಗಿಂತ ಕಲ್ಲಿನ ಗುರುತುಗಳೇ ಹೆಚ್ಚಿದ್ದ ಕಾಲ ಅದು. ಆ ಸಂಜೆಯ ಬಗ್ಗೆ ಗಿರಿಜೆ ಆಮೇಲೂ ತುಂಬ ದಿನ ಮಾತಾಡುತ್ತಿದ್ದಳಂತೆ.

ಸಕ್ಕರೆ ಕಾರ್ಖಾನೆಗೆ ಯಂತ್ರ ಮಾಡುವ ಕಂಪನಿಯಲ್ಲಿ ಸಿದ್ದಪ್ಪ ಇಂಜಿನಿಯರ್. ಟ್ರಿನಿಡಾಡ್ ದೇಶದ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಅವನನ್ನು ಕಳಿಸಿದರು. ಕೆಲಸ ಮುಗಿಯುತ್ತ ಬಂದಾಗ ಹೆಂಡತಿಯನ್ನೂ ಕರೆಸಿಕೊಳ್ಳಬಹುದು ಅಂದರು. ಅಲ್ಲಿಂದ ಪಕ್ಕದ ಟೊಬೇಗೊ ದ್ವೀಪಕ್ಕೆ ಇಬ್ಬರೂ ಹಡಗಿನಲ್ಲಿ ಹೋದರು. ಜೀವನದಲ್ಲಿ ಅದೇ ಮೊದಲ ರಜೆ.

"ರೂಮಿಗೆ ಹೋದ ತಕ್ಷಣ ಅವಳು ಬಾಗಿಲು ಹಾಕಿ ಚಿಲಕ ಹಾಕಿದ್ಲು ಸಾರ್. ತೆಗೆದ್ಲು. ಮತ್ತೆ ಹಾಕಿದ್ಲು. ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು ನಮಗೆ ಅಂತ ಸಿಕ್ಕಿದ್ದು ಅದೇ ಮೊದಲು. ನಗ್ತಾ ನಗ್ತಾ ಅತ್ತುಬಿಟ್ಲು. ಅದಕ್ಕೆ ತೆಗೆದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅಲ್ಲಿ ಸಿದ್ದಪ್ಪನ ತಾಯಿ ಕಮಲಾದೇವಿ ಇದ್ದರು. ಮಿಕ್ಕವರೆಲ್ಲ ಮದುವೆಯಾಗಿ, ಕೆಲಸ ಸಿಕ್ಕಿ ಬೇರೆಯಾದ ಮೇಲೆ ಈ ಮನೆಯಲ್ಲಿ ಉಳಿದಿದ್ದವರು ತಾಯಿ ಮಗ ಇಬ್ಬರೇ.

ಸ್ಲೈಡುಗಳು ಒಂದರ ಹಿಂದೆ ಒಂದು ಬಂದವು. ತೆಂಗಿನ ಮರಕ್ಕೆ ಒರಗಿ ಕಾಲು ಚಾಚಿ ಕೂತ ಗಿರಿಜೆ. ರಸ್ತೆ ಬದಿಯ ಗೂಡಂಗಡಿಯಲ್ಲಿ ಬೇಳೆ ತುಂಬಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದ ಗಿರಿಜೆ. ಅದು ನಮ್ಮ ಹೋಳಿಗೆಯ ಖಾರದ ತಂಗಿ ಇದ್ದಹಾಗಿತ್ತು ಅಂತ ಅವಳು ಹೇಳಿದ್ದಳಂತೆ. ತಗಡಿನ ಪೀಪಾಯಿಯಿಂದ ಮಾಡಿದ ವಾದ್ಯ ಬಾರಿಸುವವರ ಎದುರು ಚಪ್ಪಾಳೆ ತಟ್ಟುತ್ತಿದ್ದ ಗಿರಿಜೆ. ಇಂಡಿಯಾ ಅಂದ ಕೂಡಲೇ ಆ ಊರಿನವರು ಕ್ರಿಕೆಟ್ ಮಾತು ತೆಗೆಯುತ್ತಿದ್ದರು. ಅವಳಿಗೆ ಕ್ರಿಕೆಟ್ ಒಂದಕ್ಷರ ಗೊತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದಳು.

ಎಲ್ಲ ಚಿತ್ರಗಳ ಅಂಚಿಗೂ ಸಣ್ಣಗೆ ಬೂಷ್ಟು ಹಿಡಿದಿತ್ತು. ಸಿದ್ದಪ್ಪ ಊರಿಗೆ ಬಂದು ಅವನ್ನು ಡಬ್ಬದಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದವನು ಇವತ್ತಿನವರೆಗೆ ತೆಗೆದಿರಲಿಲ್ಲ.

"ಇದನ್ನ ಹಾಗೇ ಬಿಡಿ," ಅಂದರು ಚನ್ನಬಸವಯ್ಯ.

ದುಪ್ಪಟಿಯ ಮೇಲೆ ಗಿರಿಜೆ ಕುತ್ತಿಗೆಯವರೆಗೆ ನೀರಿನಲ್ಲಿದ್ದಳು. ಗೆಸ್ಟ್ ಹೌಸ್ ನಡೆಸುತ್ತಿದ್ದ ಕಪ್ಪು ಅಜ್ಜಿಯೊಬ್ಬಳು ಅವಳ ಹೊಟ್ಟೆಯ ಕೆಳಗೆ ಕೈ ಕೊಟ್ಟು ಈಜು ಕಲಿಸುತ್ತಿದ್ದಳು. ಗಿರಿಜೆಯ ಮೂಗಿನಲ್ಲಿ ಹರಳು ಮಿಂಚುತ್ತಿತ್ತು. ಒದ್ದೆ ಕತ್ತಿನಲ್ಲಿ ತಾಳಿಯ ಸರ ಕಾಣುತ್ತಿತ್ತು.

"ಇದು ಯಾವಾಗಿನದು?"

"ವಾರದ ಮಧ್ಯೆ ಸಾರ್. ದಿನಾ ಕಲೀತಿದ್ಲು."

ಚನ್ನಬಸವಯ್ಯ ಜೇಬಿನಿಂದ ಸಣ್ಣ ಗಂಟೊಂದನ್ನು ತೆಗೆದು ಟೀಪಾಯಿಯ ಮೇಲೆ ಬಿಚ್ಚಿದರು. ತಾಳಿ, ಬೆಳ್ಳಿಯ ಕಾಲುಂಗುರಗಳು, ಹರಳಿನ ಮೂಗುಬೊಟ್ಟು. ಮೊದಲ ದಿನವೇ ಸರ್ವಮಂಗಳಾ ತಂದು ಚನ್ನಬಸವಯ್ಯನವರ ಕೈಗೆ ಕೊಟ್ಟಿದ್ದ ಗಂಟು ಅದು. ಟೊಬೇಗೊದಿಂದ ಬಂದ ಸಿದ್ದಪ್ಪ ಹೆಂಡತಿಯ ನೆನಪಿಗೆಂದು ಅವಳ ಅಕ್ಕನಿಗೆ ತಲುಪಿಸಿದ್ದ.

"ಕೊನೇ ದಿನ ನೀರಿಗೆ ಇಳಿಯೋ ಮುಂಚೆ ಇವನ್ನೆಲ್ಲ ರೂಮಲ್ಲಿ ಬಿಚ್ಚಿಟ್ಟಿದ್ರು ಅಂತ ನೀವು ಹೇಳಿದ್ರಿ."

"ಹೌದು ಸಾರ್."

"ಅದಕ್ಕೆ ಮುಂಚೆ ದಿನಾ ನೀರಿಗೆ ಇಳಿದಿದ್ದಾರೆ, ಒಂದು ದಿನಾನೂ ಬಿಚ್ಚಿಲ್ಲ. ಚಿತ್ರದಲ್ಲೇ ಇದೆ ನೋಡಿ. ಅವತ್ತೊಂದಿನ ಮಾತ್ರ ಯಾಕೆ ಬಿಚ್ಚಿದ್ರು?"

ಸಿದ್ದಪ್ಪ ಪ್ರೊಜೆಕ್ಟರಿನ ಬಿಸಿ ತಗಡಿನ ಮೇಲೆ ಕೈ ಇಟ್ಟು ಸರಕ್ಕನೆ ತೆಗೆದ.

"ಇನ್ನೂ ಒಂದು ಕೇಳ್ತೀನಿ. ಈ ಗಂಟಲ್ಲಿ ಒಂದು ವಸ್ತು ಇಲ್ಲ. ಅವರ ಕರಡಿಗೆ ಎಲ್ಲಿ?"

ಲಿಂಗಧಾರಿಗಳ ಮನೆಯಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಮಗು ಹುಟ್ಟಿದಾಗ ಗುರು ಬಂದು ಕಟ್ಟುವ ಇಷ್ಟಲಿಂಗ, ಅದನ್ನಿಡುವ ಬೆಳ್ಳಿಯ ಕರಡಿಗೆ, ಕೊನೆಯ ಉಸಿರಿನವರೆಗೂ ಮೈಬಿಟ್ಟು ಅಗಲುವಂಥದ್ದಲ್ಲ. ಚನ್ನಬಸವಯ್ಯನವರ ಅಂಗಿಯೊಳಗೂ ಒಂದು ಇತ್ತು, ಸಿದ್ದಪ್ಪನ ಅಂಗಿಯೊಳಗೂ.

"ಅದು ಅವಳ ಮೈಮೇಲೇ ಇತ್ತು," ಅಂದ ಸಿದ್ದಪ್ಪ. ದನಿ ಬಹಳ ಸಣ್ಣದಾಗಿತ್ತು.

"ಉಪ್ಪುನೀರಿಗೆ ಹೆದರಿ ಬಿಚ್ಚಿಟ್ಟಿದ್ರೆ ಎಲ್ಲಾನೂ ಬಿಚ್ಚಿಡ್ತಿದ್ರು. ಸಾಯೋಕೆ ಹೋಗಿದ್ರೆ ಯಾವುದನ್ನೂ ಬಿಚ್ಚೋ ಗೋಜಿಗೆ ಹೋಗ್ತಿರಲಿಲ್ಲ. ತಾಳಿ ನೀವು ಕಟ್ಟಿದ್ದು. ಕಾಲುಂಗುರ ನಿಮ್ಮ ಮನೇದು. ಮೂಗುಬೊಟ್ಟು ನಿಮ್ಮವ್ವ ಮದುವೇಲಿ ಕೊಟ್ಟಿದ್ದು, ಸರ್ವಮಂಗಳಾ ಅವರೇ ಹೇಳಿದ್ರು. ನಿಮ್ಮದು ಏನೇನಿತ್ತೋ ಎಲ್ಲ ನಿಮಗೆ ಬಂತು. ಅವರ ಹುಟ್ಟಿನ ಜೊತೆ ಬಂದಿದ್ದು ಅವರ ಜೊತೆ ಹೋಯ್ತು." ಚನ್ನಬಸವಯ್ಯ ಗಂಟನ್ನು ಮತ್ತೆ ಕಟ್ಟಿದರು. "ಗಿರಿಜಾದೇವಿ ಮುಳುಗಲಿಲ್ಲ, ಸಿದ್ದಪ್ಪನವರೇ. ನಿಮ್ಮನ್ನ ಬಿಟ್ಟು ಹೋದ್ರು. ಅದು ನಿಮಗೆ ಗೊತ್ತಿತ್ತು."

ಸಿದ್ದಪ್ಪ ತಲೆ ತಗ್ಗಿಸಿ ಕೂತ.

"ಗೊತ್ತಿತ್ತು," ಅಂದ. "ಅವಳು ಬದುಕಿದ್ದಾಳೆ."

ಚನ್ನಬಸವಯ್ಯ ಸರ್ವಮಂಗಳಾ ಕಡೆ ತಿರುಗಿದರು. ಅವಳು ಅಳಲಿಲ್ಲ, ಎಲ್ಲಿದ್ದಾಳೆ ಅಂತ ಕೇಳಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಪಕ್ಕದಲ್ಲಿದ್ದ ಲೋಟ ಎತ್ತಿ ನೀರು ಕುಡಿದಳು. ಅದು ಅವರಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಆದರೆ ಅಷ್ಟರಲ್ಲಿ ಸಿದ್ದಪ್ಪ ಮಾತಾಡತೊಡಗಿದ್ದ.

ಮಕ್ಕಳಾಗಲಿಲ್ಲ ಅಂತ ತಾಯಿ ಅವನಿಗೆ ಎರಡನೇ ಮದುವೆಯ ಮಾತು ತೆಗೆದಿದ್ದರು. ಅರಸೀಕೆರೆ ಕಡೆಯ ಹೆಣ್ಣು. ಸಿದ್ದಪ್ಪ ಪರದೇಶದಿಂದ ಬಂದ ಮೇಲೆ ಶಾಸ್ತ್ರ ಅಂತ ನಿಶ್ಚಯವೂ ಆಗಿತ್ತು. ಅವನು ಬೇಡ ಅನ್ನಲಿಲ್ಲ. ತಾಯಿಗೆ ಎದುರಾಡಿ ಅಭ್ಯಾಸವೇ ಇರಲಿಲ್ಲ. ಗಿರಿಜೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ವಾರದ ಮೊದಲ ದಿನಗಳಲ್ಲಿ ಅವಳು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಅದೇ ಗೆಸ್ಟ್ ಹೌಸಿನಲ್ಲಿ ರಾಮ್‌ಸುಭಗ್ ಅನ್ನುವ ಮುದುಕ ದಂಪತಿ ಇಳಿದಿದ್ದರು. ನೋಡಲು ನಮ್ಮ ಕಡೆಯವರ ಹಾಗೇ. ಅವರ ಅಜ್ಜ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿ ಟ್ರಿನಿಡಾಡಿಗೆ ಬಂದವನು. ತಮ್ಮ ಊರಿನ ಗುಡಿಯ ಶಾಲೆಯಲ್ಲಿ ಮಕ್ಕಳಿಗೆ ಹಿಂದಿ ಹೇಳಿಕೊಡುವವರೇ ಇಲ್ಲ, ಹಾಡಿನ ಅರ್ಥ ಗೊತ್ತಿಲ್ಲದೆ ಭಜನೆ ಹಾಡುತ್ತವೆ ಅಂತ ಮುದುಕಿ ಬೇಸರಪಟ್ಟುಕೊಂಡಳು. ಗಿರಿಜೆ ಮದುವೆಗೆ ಮುಂಚೆ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು, ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಈ ಮನೆಗೆ ಬಂದ ಮೇಲೆ ಅವೆರಡೂ ಟ್ರಂಕಿನ ತಳ ಸೇರಿದ್ದವು.

ರಜೆ ಮುಗಿಯಲು ಒಂದು ದಿನ ಇರುವಾಗ ಅವಳು ಅವನನ್ನು ಮರಳಿನ ಮೇಲೆ ಕೂರಿಸಿಕೊಂಡು ಹೇಳಿದಳು. ಸಿದ್ದಪ್ಪ ಆ ಮಾತನ್ನು ಈಗ ಅವಳದೇ ದನಿಯ ಏರಿಳಿತದಲ್ಲಿ ಹೇಳಿದ.

"'ನಿಮಗೆ ಅವ್ವನ ಮಾತು ಮೀರೋಕೆ ಆಗಲ್ಲ, ಅದು ನನಗೆ ಗೊತ್ತು. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಈ ಒಂದು ವಾರ ಆದಮೇಲೆ ನಾನು ಮತ್ತೆ ಆ ಪರದೆ ಹಿಂದೆ ಮಲಗಲಾರೆ. ನನ್ನನ್ನ ಇಲ್ಲೇ ಬಿಟ್ಟು ಹೋಗಿ' ಅಂದ್ಲು ಸಾರ್."

ಅವನು ಬೇಡಿಕೊಂಡ. ಊರಿಗೆ ಹೋಗಿ ಬೇರೆ ಮನೆ ಮಾಡೋಣ, ಜೆ.ಪಿ. ನಗರದಲ್ಲಿ ಬಾಡಿಗೆಗೆ ಹಿಡಿಯೋಣ ಅಂದ. ನೀವು ಇಲ್ಲಿ ಹೇಳ್ತೀರಿ, ಅಲ್ಲಿ ಮಾಡಲ್ಲ ಅಂದಳು ಅವಳು. ಅದು ನಿಜ ಅಂತ ಅವನಿಗೂ ಗೊತ್ತಿತ್ತು.

ಹೆಂಡತಿ ಬಿಟ್ಟು ಹೋದಳು ಅಂತ ಊರಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ. ಗಿರಿಜೆಯ ತಂದೆ ಆಗ ಹೃದಯದ ಕಾಯಿಲೆಯಿಂದ ಮಲಗಿದ್ದರು. ಮಗಳು ಓಡಿಹೋದಳು ಅನ್ನುವ ಮಾತು ಕಿವಿಗೆ ಬಿದ್ದರೆ ಅವತ್ತೇ ಹೋಗುತ್ತಿದ್ದರು. ಸತ್ತಳು ಅಂದರೆ ಅಳುತ್ತಾರೆ, ಆದರೆ ತಲೆ ತಗ್ಗಿಸುವುದಿಲ್ಲ. ಹಾಗೆ ಅಂದವಳೂ ಗಿರಿಜೆಯೇ.

ಆ ಸಂಜೆ ಅವಳು ರಾಮ್‌ಸುಭಗ್ ಹೆಂಡತಿಯ ಉದ್ದನೆಯ ಫ್ರಾಕು ಹಾಕಿಕೊಂಡು ಆ ದಂಪತಿಯ ಜೊತೆ ಟ್ರಿನಿಡಾಡಿನ ಹಡಗು ಹತ್ತಿದಳು. ಅಲ್ಲಿ ಅವಳಂಥ ಮುಖದವರು ಲಕ್ಷಗಟ್ಟಲೆ. ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಮಾರನೇ ಬೆಳಿಗ್ಗೆ ಸಿದ್ದಪ್ಪ ಠಾಣೆಗೆ ಓಡಿಹೋಗಿ, ಹೆಂಡತಿ ಹವಳದ ದಿಬ್ಬದ ಆಚೆ ಈಜುತ್ತ ಹೋದವಳು ಬರಲಿಲ್ಲ ಅಂದ. ಮೀನುಗಾರರು ಕೂಲಿ ಕೇಳದೆ ಎರಡು ದಿನ ದೋಣಿ ಹಾಕಿ ಹುಡುಕಿದರು. ಸಂಜೆ ಬಂದು ಅವನ ಹೆಗಲು ಮುಟ್ಟಿ ಹೋಗುತ್ತಿದ್ದರು.

"ಆಗ ಅತ್ತಿದ್ದು ಮಾತ್ರ ನಾಟಕ ಅಲ್ಲ ಸಾರ್," ಅಂದ ಸಿದ್ದಪ್ಪ. "ಅವಳು ಹೋಗಿದ್ದಂತೂ ನಿಜ ತಾನೇ."

ಊರಿಗೆ ಬಂದವನು ಅರಸೀಕೆರೆಯ ಹೆಣ್ಣನ್ನು ಬೇಡ ಅಂದ. ಜೀವನದಲ್ಲಿ ತಾಯಿಗೆ ಅವನು ಬೇಡ ಅಂದದ್ದು ಅದೇ ಮೊದಲು. ಎಷ್ಟು ಒತ್ತಾಯ ಮಾಡಿದರೂ ಮತ್ತೆ ಮದುವೆಯಾಗಲಿಲ್ಲ. ಜನ ಹಿಂದಿನಿಂದ ಏನೇನೋ ಆಡಿಕೊಂಡರೂ ಬಾಯಿಬಿಡಲಿಲ್ಲ. ಗಿರಿಜೆ ಎಲ್ಲಿದ್ದಾಳೆ, ಹೇಗಿದ್ದಾಳೆ, ಒಂದು ಸುದ್ದಿಯೂ ಅವನಿಗೆ ಬಂದಿರಲಿಲ್ಲ. ಬರಬಾರದು ಅಂತಲೇ ಇಬ್ಬರ ಮಾತಾಗಿತ್ತು.

ಹೊರಗೆ ಬಸ್ಸೊಂದು ಹೊಗೆ ಬಿಡುತ್ತ ಏರು ಹತ್ತಿತು. ಸೋಮವಾರದ ಕೊಲೆಯ ದೂರಿಗೆ ಇನ್ನು ಅರ್ಥವಿಲ್ಲ ಅಂತ ಚನ್ನಬಸವಯ್ಯನವರಿಗೆ ಅನ್ನಿಸಿತು. ಮೂವತ್ತು ವರ್ಷದ ಪೊಲೀಸ್ ಕೆಲಸದಲ್ಲಿ ಸುಳ್ಳು ಹೇಳಿದವನ ಬಗ್ಗೆ ಇಷ್ಟು ಮರುಕ ಹುಟ್ಟಿದ್ದು ಅಪರೂಪ.

"ಇನ್ನೊಂದೇ ಇದೆ," ಅಂದ ಸಿದ್ದಪ್ಪ. ಡಬ್ಬದಲ್ಲಿ ಉಳಿದಿದ್ದ ಸ್ಲೈಡನ್ನು ನೋಡದೆಯೇ ಒಳಗೆ ತಳ್ಳಿದ.

ದುಪ್ಪಟಿಯ ಮೇಲೆ ಒಂದು ಬಂದರು ಮೂಡಿತು. ಹಡಗಿನಿಂದ ಇಳಿದ ಜನ, ಮೂಟೆಗಳು, ಟ್ಯಾಕ್ಸಿಗಳು. ಗುಂಪಿನಿಂದ ದೂರದಲ್ಲಿ ಪೆಟ್ಟಿಗೆ ಕೆಳಗಿಟ್ಟು, ಸಮುದ್ರದ ಕಡೆ ಮುಖ ಮಾಡಿ ನಿಂತ ಒಬ್ಬ ಗಂಡಸು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಾವುದೋ ಕಂಬದ ಮರೆಯಿಂದ ತೆಗೆದಂತೆ ಚಿತ್ರದ ಒಂದು ಅಂಚು ಕಪ್ಪಾಗಿತ್ತು.

ಸಿದ್ದಪ್ಪ ಎದ್ದು ದುಪ್ಪಟಿಯ ಹತ್ತಿರ ಹೋದ. ಬೆಳಕು ಅವನ ಬೆನ್ನ ಮೇಲೆ ಬಿತ್ತು.

"ಇದು ನಾನು," ಅಂದ. "ಟೊಬೇಗೊದಿಂದ ಒಬ್ಬನೇ ಟ್ರಿನಿಡಾಡಿಗೆ ವಾಪಸ್ ಬಂದ ದಿನ."

"ಯಾರು ತೆಗೆದಿದ್ದು?"

"ಗೊತ್ತಿಲ್ಲ ಸಾರ್. ಇದನ್ನ ನಾನು ಯಾವತ್ತೂ ನೋಡಿಲ್ಲ."

"ಆಗ ನಿಮ್ಮ ಕ್ಯಾಮೆರಾ ಎಲ್ಲಿತ್ತು?"

ಸಿದ್ದಪ್ಪ ತಿರುಗಿದ. ಉತ್ತರ ಹೇಳುವ ಮೊದಲೇ ಅವನ ಕಣ್ಣು ತುಂಬಿತ್ತು.

"ಅವಳ ಹತ್ತಿರ. ರೀಲು ಬಿಚ್ಚಿಕೊಂಡು, ಅವಳು ಹೊರಡೋವಾಗ ನಾನೇ ಅವಳ ಕೈಗೆ ಕೊಟ್ಟಿದ್ದೆ."

ಚನ್ನಬಸವಯ್ಯ ಪ್ರೊಜೆಕ್ಟರಿನಿಂದ ಸ್ಲೈಡನ್ನು ಹೊರಗೆಳೆದು, ಕಿಟಕಿಯ ಜಮಖಾನ ಸರಿಸಿ ಬೆಳಕಿಗೆ ಹಿಡಿದರು. ಮಿಕ್ಕವಕ್ಕೆಲ್ಲ ಪರದೇಶದ ಹೆಸರು ಅಚ್ಚಾದ ರಟ್ಟಿನ ಚೌಕಟ್ಟು. ಇದಕ್ಕೆ ಪ್ಲಾಸ್ಟಿಕ್ಕಿನದು, ಗಾಂಧಿ ಬಜಾರಿನ ಸ್ಟುಡಿಯೋದಲ್ಲಿ ಅವರು ಅಂಥವನ್ನು ರಾಶಿಗಟ್ಟಲೆ ನೋಡಿದ್ದರು. ಒಂದು ಚುಕ್ಕೆ ಬೂಷ್ಟೂ ಇರಲಿಲ್ಲ. ಇದು ಐದು ವರ್ಷ ಈ ಡಬ್ಬದಲ್ಲಿ ಇದ್ದದ್ದಲ್ಲ. ಇಲ್ಲೇ ಬೆಂಗಳೂರಿನಲ್ಲಿ, ಇತ್ತೀಚೆಗೆ ಮಾಡಿಸಿದ್ದು.

"ಬೀರು ಬೀಗದ ಕೈ ಯಾರ ಹತ್ತಿರ ಇರತ್ತೆ?" ಅಂತ ಕೇಳಿದರು.

"ನನ್ನ ಹತ್ತಿರ," ಅಂದರು ಕಮಲಾದೇವಿ.

ಅವರು ಯಾವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರೋ ಯಾರೂ ಗಮನಿಸಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ನಾನೇ ಅದನ್ನ ಅಲ್ಲಿ ಇಟ್ಟೆ. ಮಂಗಳವಾರ ಬನಶಂಕರಮ್ಮನ ಗುಡೀಲಿ ದೀಪ ಹಚ್ತಾ ಇದ್ದೆ. ಹಿಂದಿನಿಂದ ಯಾರೋ 'ಅವ್ವ' ಅಂದ್ರು. ತಿರುಗಿ ನೋಡೋ ಮುಂಚೇನೇ ದನಿ ಗುರುತು ಹತ್ತಿತು." ಮುದುಕಿ ಒಂದು ಉಸಿರು ಎಳೆದುಕೊಂಡರು. "ಅವಳು ನನ್ನ ಬೈಯಲಿಲ್ಲ. ಕಾಲು ಮುಟ್ಟಿದ್ಲು. 'ಇದನ್ನ ಅವರ ಡಬ್ಬದಲ್ಲಿ ಇಡಿ, ಯಾವತ್ತಾದ್ರೂ ನೋಡ್ತಾರೆ' ಅಂತ ಕೊಟ್ಟು ಹೋದ್ಲು. ನೋಡಿದಾಗ ನೋಡ್ಲಿ ಅಂತ ಇಟ್ಟು ನಾನು ಸುಮ್ಮನಿದ್ದೆ. ನೀವು ಚಿತ್ರ ನೋಡಬೇಕು ಅಂತ ಇವತ್ತು ಬಂದ್ರಿ."

"ಅವ್ವ," ಅಂದ ಸಿದ್ದಪ್ಪ.

"ಎಲ್ಲಿ ಇಳ್ಕೊಂಡಿದ್ದೀನಿ ಅಂತ ಹೇಳಿದ್ರಾ ತಾಯಿ?" ಚನ್ನಬಸವಯ್ಯ ಮೆಲ್ಲಗೆ ಕೇಳಿದರು.

"ಅವಳು ತಾನಾಗಿ ಬಂದಿದ್ದಲ್ಲ ಸ್ವಾಮಿ. ಅಪ್ಪನಿಗೆ ಕಾಯಿಲೆ ತುಂಬಾ ಜೋರು, ಕೊನೇ ಸಲ ಮುಖ ನೋಡು ಬಾ ಅಂತ ಕರೆಸಿದ್ದಾರೆ. ಅವಳಪ್ಪ ಇಬ್ಬರು ಹೆಣ್ಣುಮಕ್ಕಳಿಗೆ ಸೇರೋ ಆಸ್ತಿ ಬಿಟ್ಟು ಹೋಗಿ ಆಗಲೇ ವರ್ಷ ಆಯ್ತು. ನಾನು ಹೇಳಿದ ಮೇಲೇನೇ ಅವಳಿಗೆ ಗೊತ್ತಾಗಿದ್ದು." ಕಮಲಾದೇವಿ ಬೆರಳೆತ್ತಿ ತೋರಿಸಲಿಲ್ಲ, ಬೆತ್ತದ ಕುರ್ಚಿಯ ಕಡೆ ಸುಮ್ಮನೆ ನೋಡಿದರು. "ಕರೆಸಿದವರು ಇಲ್ಲೇ ಕೂತಿದ್ದಾರೆ. ಅವರಿಗೊಬ್ಬರಿಗೇ ಅವಳು ಗುಟ್ಟಾಗಿ ಕಾಗದ ಬರೀತಿದ್ಲಂತೆ. ಅವರನ್ನೇ ಕೇಳಿ."

ಸರ್ವಮಂಗಳಾ ಆಗಲೇ ಎದ್ದು ನಿಂತಿದ್ದಳು. ತಂಗಿ ಬದುಕಿದ್ದಾಳೆ ಅಂತ ಗೊತ್ತಿದ್ದೂ, ಸತ್ತ ತಂಗಿಗೆ ನ್ಯಾಯ ಕೊಡಿಸಿ ಅಂತ ಒಂದು ತಿಂಗಳಿಂದ ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದ ಹೆಂಗಸನ್ನು ಚನ್ನಬಸವಯ್ಯ ದಿಟ್ಟಿಸಿ ನೋಡಿದರು. ಅವಳ ತುಟಿ ಬಿಳುಚಿಕೊಂಡಿತ್ತು.

"ಗಿರಿಜಾ ಎಲ್ಲಿ ಅಕ್ಕ?" ಸಿದ್ದಪ್ಪ ಕೇಳಿದ.

"ನಮ್ಮನೇಲೇ ಇದ್ಲು," ಅಂದಳು ಸರ್ವಮಂಗಳಾ. "ನಿನ್ನೆ ಬೆಳಿಗ್ಗೆ ಹಾಲು ತರ್ತೀನಿ ಅಂತ ಹೋದವಳು ಇನ್ನೂ ಬಂದಿಲ್ಲ."